ಪೆಲ್ವಿಕ್ ಫ್ಲೋರ್ ಫಿಸಿಯೋಥೆರಪಿ: ಮೊದಲ ಸಲ ಹೋಗುವವರು ಕೇಳುವ ಪ್ರಶ್ನೆಗಳು

ಪೆಲ್ವಿಕ್ ಫ್ಲೋರ್ ಅಂದರೆ ಮೈಯಲ್ಲಿ ಎಲ್ಲಿದೆ?

ಕೆಳಹೊಟ್ಟೆಯ ತುದಿಯಲ್ಲಿ, ಜನನಾಂಗದ ಸ್ವಲ್ಪ ಮೇಲೆ ಕೈಗೆ ಗಟ್ಟಿಯಾಗಿ ಒಂದು ಮೂಳೆ ಸಿಗುತ್ತದೆ. ಹಿಂದೆ, ಬೆನ್ನುಮೂಳೆ ಮುಗಿಯುವಲ್ಲಿ ಬಾಲದ ಮೂಳೆ. ಎಡಕ್ಕೂ ಬಲಕ್ಕೂ ನೆಲದ ಮೇಲೆ ಕೂತಾಗ ಒತ್ತುವ ಎರಡು ಮೂಳೆ. ಈ ನಾಲ್ಕರ ನಡುವೆ ಜೋಳಿಗೆಯ ಹಾಗೆ ಹರಡಿಕೊಂಡಿರುವ ಸ್ನಾಯುಗಳೇ ಪೆಲ್ವಿಕ್ ಫ್ಲೋರ್. ಪುಸ್ತಕದ ಕನ್ನಡದಲ್ಲಿ ಶ್ರೋಣಿ ತಳ. ಮೂತ್ರಕೋಶ, ಗರ್ಭಕೋಶ, ದೊಡ್ಡ ಕರುಳಿನ ಕೊನೆ ಇದರ ಆಸರೆಯಲ್ಲಿವೆ. ಹೆಂಗಸರಲ್ಲಿ ಮೂರು ದಾರಿಗಳು ಇದನ್ನು ಹಾದು ಹೊರಬರುತ್ತವೆ, ಗಂಡಸರಲ್ಲಿ ಎರಡು.

ಈ ಸ್ನಾಯುಗಳಿಗೆ ಎರಡು ಕೆಲಸ: ಕೆಮ್ಮಿದಾಗ, ಭಾರ ಎತ್ತಿದಾಗ ಬಿಗಿಯಾಗಿ ದಾರಿ ಮುಚ್ಚುವುದು, ಒಂದಕ್ಕೆ, ಎರಡಕ್ಕೆ ಕೂತಾಗ, ಸಂಭೋಗದಲ್ಲಿ, ಹೆರಿಗೆಯಾಗುವಾಗ ಸಡಿಲವಾಗಿ ದಾರಿ ಬಿಡುವುದು. ಮೊದಲನೆಯ ಕೆಲಸದ ಬಗ್ಗೆ ಎಲ್ಲರೂ ಮಾತಾಡುತ್ತಾರೆ. ಎರಡನೆಯದು ಕೆಟ್ಟು ಬರುವವರೂ ಕಡಿಮೆಯಿಲ್ಲ.

ಯಾವ ತೊಂದರೆಗಳಿಗೆ ಈ ಚಿಕಿತ್ಸೆ?

ಕೆಮ್ಮಿದರೆ, ಸೀನಿದರೆ, ನಕ್ಕರೆ ಮೂತ್ರ ಸೋರುವುದು, ಅವಸರ ಬಂದರೆ ಬಚ್ಚಲು ಮುಟ್ಟುವುದರೊಳಗೆ ಆಗಿಹೋಗುವುದು, ಗಾಳಿ ಅಥವಾ ಮಲ ಹಿಡಿತಕ್ಕೆ ಸಿಗದಿರುವುದು, ತಿಣುಕಿದರೂ ಮಲ ಪೂರ್ತಿ ಹೋಗದಿರುವುದು, ಗರ್ಭಕೋಶ ಅಥವಾ ಮೂತ್ರಕೋಶ ಜಾರುವುದು, ಸಂಭೋಗದಲ್ಲಿ ನೋವು, ಬಾಲದ ಮೂಳೆಯ ನೋವು, ಹೆರಿಗೆಯ ಹೊಲಿಗೆಯ ಜಾಗದ ನೋವು, ಗಂಡಸರಿಗೆ ಪ್ರಾಸ್ಟೇಟ್ ಗ್ರಂಥಿಯ ಆಪರೇಷನ್ ಆದ ಮೇಲಿನ ಸೋರಿಕೆ.

"ನಾಲ್ಕು ಹೆತ್ತವಳಿಗೆ ಇದೆಲ್ಲ ಇದ್ದದ್ದೇ" ಎಂಬ ಮಾತು ಮನೆಗಳಲ್ಲಿ ಇನ್ನೂ ಓಡುತ್ತಿದೆ. ಹಲವರಿಗೆ ಆಗುತ್ತದೆ, ನಿಜ. ಹಾಗೆಂದು ಸಹಿಸಿಕೊಂಡೇ ಇರಬೇಕಾದ್ದಲ್ಲ.

ಯಾರ ಹತ್ತಿರ ಹೋಗಬೇಕು? ಡಾಕ್ಟರ ಚೀಟಿ ಬೇಕೇ?

ಸ್ತ್ರೀರೋಗ ತಜ್ಞರು ಅಥವಾ ಮೂತ್ರರೋಗ ತಜ್ಞರು ಒಮ್ಮೆ ನೋಡಿ ಕಳಿಸಿದರೆ ಒಳ್ಳೆಯದು. ಮೂತ್ರದ ಸೋಂಕು, ಗಡ್ಡೆ, ನರದ ಕಾಯಿಲೆ ಇಲ್ಲವೆಂದು ಮೊದಲೇ ಗೊತ್ತಾಗಿರುತ್ತದೆ. ಫಿಸಿಯೋಥೆರಪಿ ಓದಿದವರೆಲ್ಲ ಈ ಭಾಗದ ಚಿಕಿತ್ಸೆ ಮಾಡುವುದಿಲ್ಲ. ಅಪಾಯಿಂಟ್‌ಮೆಂಟ್ ತೆಗೆದುಕೊಳ್ಳುವಾಗಲೇ ಎರಡು ಮಾತು ಕೇಳಿ: ಪೆಲ್ವಿಕ್ ಫ್ಲೋರ್‌ನಲ್ಲಿ ಪ್ರತ್ಯೇಕ ತರಬೇತಿ ಆಗಿದೆಯೇ? ಒಳಪರೀಕ್ಷೆ ಮಾಡಲು ಬರುತ್ತದೆಯೇ? ನೋಡುವವರು ಹೆಂಗಸೇ ಆಗಿರಲಿ ಎನಿಸಿದರೆ ಅದನ್ನೂ ಆಗಲೇ ಹೇಳಿ. ಅದರಲ್ಲಿ ಸಂಕೋಚಪಡುವಂಥದ್ದೇನೂ ಇಲ್ಲ.

ಮೊದಲ ದಿನ ಏನೇನು ನಡೆಯುತ್ತದೆ?

ಮುಕ್ಕಾಲು ಗಂಟೆಯಿಂದ ಒಂದು ಗಂಟೆ ಇಟ್ಟುಕೊಳ್ಳಿ. ಅದರಲ್ಲಿ ಅರ್ಧ ಹೊತ್ತು ಮಾತಿಗೇ ಹೋಗುತ್ತದೆ. ದಿನಕ್ಕೆ ಎಷ್ಟು ಸಲ ಮೂತ್ರಕ್ಕೆ ಹೋಗುತ್ತೀರಿ, ರಾತ್ರಿ ಎಷ್ಟು ಸಲ ಏಳುತ್ತೀರಿ, ಸೋರುವುದು ಒಂದು ತೊಟ್ಟೋ ಬಟ್ಟೆ ಬದಲಿಸುವಷ್ಟೋ, ಮಲ ಗಟ್ಟಿಯೋ ಮೆತ್ತಗೋ, ಹೆರಿಗೆ ಎಷ್ಟು, ಹೊಲಿಗೆ ಬಿದ್ದಿತ್ತೇ, ಮಗುವಿನ ತೂಕ ಎಷ್ಟಿತ್ತು, ಮುಟ್ಟು ನಿಂತಿದೆಯೇ, ಸಂಭೋಗದಲ್ಲಿ ನೋವಿದೆಯೇ. ಇಷ್ಟೆಲ್ಲ ಯಾಕೆ ಕೇಳುತ್ತಾರೆ ಎನಿಸಬಹುದು. ಕೆಮ್ಮಿದಾಗ ಸೋರುವವರ ಚಿಕಿತ್ಸೆಯೇ ಬೇರೆ, ಅವಸರದಲ್ಲಿ ಸೋರುವವರದ್ದೇ ಬೇರೆ. ಎರಡನ್ನೂ ಬೇರ್ಪಡಿಸುವುದು ನಿಮ್ಮ ಉತ್ತರಗಳೇ.

ಆಮೇಲೆ ನಿಲ್ಲುವ ಭಂಗಿ, ಉಸಿರಾಟ, ಹೊಟ್ಟೆ, ಸೊಂಟ ನೋಡುತ್ತಾರೆ. ಹೆರಿಗೆಯಾದವರಿಗೆ ಮಲಗಿ ತಲೆ ಎತ್ತಲು ಹೇಳಿ, ಹೊಕ್ಕುಳಿನ ಮೇಲೂ ಕೆಳಗೂ ಹೊಟ್ಟೆಯ ಸ್ನಾಯುಗಳ ನಡುವೆ ಎಷ್ಟು ಬೆರಳು ಇಳಿಯುತ್ತದೆ ಎಂದು ಅಳೆಯುತ್ತಾರೆ. ಕೊನೆಗೆ, ನೀವು ಒಪ್ಪಿದರೆ ಮಾತ್ರ, ಕೆಳಗಿನ ಪರೀಕ್ಷೆ.

ಹಳೆಯ ಸ್ಕ್ಯಾನಿಂಗ್ ವರದಿ, ಆಪರೇಷನ್ ಕಾಗದ, ಈಗ ನುಂಗುತ್ತಿರುವ ಮಾತ್ರೆಗಳ ಪಟ್ಟಿ ಒಯ್ಯಿರಿ. ಬಿಪಿಗೆ ಕೊಡುವ ಕೆಲವು ಮಾತ್ರೆಗಳು ಮೂತ್ರ ಹೆಚ್ಚಿಸುತ್ತವೆ, ಕೆಲವು ಕೆಮ್ಮು ತರುತ್ತವೆ. ಸೋರಿಕೆಯ ಬೇರು ಅಲ್ಲೇ ಇರಬಹುದು. ಸೀರೆ ಅಥವಾ ಸಡಿಲವಾದ ಚೂಡಿದಾರ್ ಸಾಕು. ಕೂದಲು ತೆಗೆಯಬೇಕಾಗಿಲ್ಲ.

ಒಳಪರೀಕ್ಷೆ ಹೇಗಿರುತ್ತದೆ? ಮಾಡಿಸಿಕೊಳ್ಳಲೇಬೇಕೇ?

ಬೇಕಿಲ್ಲ. ಬೇಡವೆಂದರೂ ಚಿಕಿತ್ಸೆ ನಡೆಯುತ್ತದೆ. ಅರ್ಧದಲ್ಲಿ ಬೇಡವೆನಿಸಿದರೆ "ಸಾಕು" ಅಂದರೆ ಮುಗಿಯಿತು.

ಮಾಡುವ ರೀತಿ ಹೀಗೆ. ಬಾಗಿಲು ಹಾಕಿದ ಕೋಣೆಯಲ್ಲಿ, ಮೇಲೊಂದು ಬಟ್ಟೆ ಹೊದಿಸಿ, ಮಂಡಿ ಮಡಚಿ ಅಂಗಾತ ಮಲಗಿಸುತ್ತಾರೆ. ಸ್ತ್ರೀರೋಗ ತಜ್ಞರು ಬಳಸುವ ಲೋಹದ ಉಪಕರಣ ಇರುವುದಿಲ್ಲ. ಗ್ಲೌಸ್ ಹಾಕಿ, ಜೆಲ್ ಹಚ್ಚಿದ ಒಂದೇ ಬೆರಳು. ಮೊದಲು ಹೊರಗಿನಿಂದ ನೋಡಿ, ಕೆಮ್ಮಲು ಹೇಳುತ್ತಾರೆ. ನಂತರ ಬೆರಳನ್ನು ಯೋನಿಯೊಳಗೆ ಇಟ್ಟು ಗಡಿಯಾರದ ಮುಳ್ಳಿನಂತೆ ಎಡಕ್ಕೆ, ಬಲಕ್ಕೆ, ಕೆಳಕ್ಕೆ ಮೆಲ್ಲಗೆ ಒತ್ತಿ ಎಲ್ಲಿ ನೋವಿದೆ, ಎಲ್ಲಿ ಗಂಟುಕಟ್ಟಿದಂತಿದೆ ನೋಡುತ್ತಾರೆ. ಆಮೇಲೆ "ಬಿಗಿಯಿರಿ" ಅನ್ನುತ್ತಾರೆ. ಬೆರಳಿಗೆ ತಾಗುವ ಹಿಡಿತಕ್ಕೆ 0ರಿಂದ 5ರವರೆಗೆ ಅಂಕ: ಏನೂ ಇಲ್ಲದಿದ್ದರೆ 0, ಸಣ್ಣ ಮಿಡಿತಕ್ಕೆ 1, ಹಿಡಿತದ ಜೊತೆ ಬೆರಳು ಮೇಲಕ್ಕೆಳೆದುಕೊಂಡರೆ 3, ಗಟ್ಟಿಯಾಗಿ ಒತ್ತಿ ತಡೆದರೂ ಬಿಡದಿದ್ದರೆ 5. ಎಷ್ಟು ಸೆಕೆಂಡ್ ಹಿಡಿಯುತ್ತೀರಿ, ಎಷ್ಟು ಸಲ ಆದ ಮೇಲೆ ಸೋಲುತ್ತದೆ, ಬಿಡು ಅಂದಾಗ ಪೂರ್ತಿ ಬಿಡುತ್ತದೆಯೇ, ಇದನ್ನೂ ಬರೆದುಕೊಳ್ಳುತ್ತಾರೆ. ಮಲದ ತೊಂದರೆಯಿದ್ದರೆ, ಗಂಡಸರಾದರೆ, ಇದೇ ಪರೀಕ್ಷೆ ಗುದದ್ವಾರದಿಂದ.

ಐದಾರು ನಿಮಿಷದ ಕೆಲಸ. ಜೊತೆಗೆ ನಿಮ್ಮವರೊಬ್ಬರು ಅಥವಾ ನರ್ಸ್ ಇರಲಿ ಎಂದು ಕೇಳಬಹುದು. ಬೇಡವೆಂದವರಿಗೆ ಬಟ್ಟೆಯ ಮೇಲಿಂದಲೇ ಗುದದ್ವಾರದ ಮುಂದಿನ ಜಾಗಕ್ಕೆ ಬೆರಳಿಟ್ಟು ನೋಡುವುದುಂಟು. ಕೆಳಹೊಟ್ಟೆಯ ಮೇಲೆ ಅಲ್ಟ್ರಾಸೌಂಡ್ ಇಟ್ಟು, ಮೂತ್ರಕೋಶದ ತಳ ಮೇಲೇಳುವುದನ್ನು ಪರದೆಯ ಮೇಲೆ ತೋರಿಸುವುದೂ ಉಂಟು.

ಮದುವೆಯಾಗದ ಹೆಣ್ಣುಮಕ್ಕಳಿಗೆ, ಮಕ್ಕಳಿಗೆ?

ಸಂಭೋಗದ ಅನುಭವವಿಲ್ಲದವರಿಗೆ ಯೋನಿಯ ಒಳಪರೀಕ್ಷೆ ಮಾಡುವ ವಾಡಿಕೆ ಇಲ್ಲ, ಹೊರಗಿನ ಪರೀಕ್ಷೆಯೇ ಸಾಕು. ಮಕ್ಕಳಿಗಂತೂ ಬೇಡವೇ ಬೇಡ.

ಆ ದಿನ ಮುಟ್ಟಾಗಿದ್ದರೆ?

ಹೋಗಬಹುದು. ಒಳಪರೀಕ್ಷೆಯನ್ನು ಮುಂದಿನ ಸಲಕ್ಕೆ ಇಟ್ಟುಕೊಂಡರಾಯಿತು. ಸೋಂಕು, ಕಾರಣ ತಿಳಿಯದ ರಕ್ತಸ್ರಾವ ಇದ್ದಾಗ, ಹೆರಿಗೆಯಾಗಿ 6 ವಾರ ತುಂಬುವವರೆಗೆ ಅದನ್ನು ಮಾಡುವುದಿಲ್ಲ. ಬಸುರಿಯಲ್ಲಿ ಮಾಸು ಕೆಳಗಿದೆ ಎಂದು ಹೇಳಿದ್ದರೂ ಮಾಡುವುದಿಲ್ಲ.

ಈ ಸ್ನಾಯುಗಳನ್ನು ಬಿಗಿದು ಬಿಡುವ ಕೆಗೆಲ್ ವ್ಯಾಯಾಮ ತಾನೆ? ಯೂಟ್ಯೂಬ್ ನೋಡಿ ಮಾಡಿಕೊಂಡರೆ ಆಗದೇ?

ಕೆಲವರಿಗೆ ಆಗುತ್ತದೆ. ಅಮೆರಿಕದ ಸ್ತ್ರೀರೋಗ ತಜ್ಞ ಅರ್ನಾಲ್ಡ್ ಕೆಗೆಲ್ 1948ರಲ್ಲಿ ಈ ವ್ಯಾಯಾಮದ ಬಗ್ಗೆ ಬರೆದಾಗ, ಬರೀ ಬಾಯಲ್ಲಿ ಹೇಳಿ ಕಳಿಸಲಿಲ್ಲ; ಒಳಗಿಟ್ಟು ಹಿಡಿತದ ಒತ್ತಡ ಅಳೆಯುವ ಸಾಧನವನ್ನೂ ಕೊಟ್ಟಿದ್ದರು. ಆ ಅಳತೆ ಹೋಯಿತು, ಹೆಸರು ಉಳಿಯಿತು. 1991ರಲ್ಲಿ ಅಮೆರಿಕದಲ್ಲೇ 47 ಹೆಂಗಸರಿಗೆ ಬಾಯಲ್ಲಿ ಹೇಳಿಕೊಟ್ಟು ನೋಡಿದಾಗ ಸರಿಯಾಗಿ ಬಿಗಿದವರು ಅರ್ಧದಷ್ಟು. ನಾಲ್ಕರಲ್ಲೊಬ್ಬರು ಸೋರಿಕೆಯನ್ನೇ ಹೆಚ್ಚಿಸಬಹುದಾದ ರೀತಿಯಲ್ಲಿ ಮಾಡುತ್ತಿದ್ದರು.

ಎಡವುವುದು ಹೀಗೆ: ಮೇಲಕ್ಕೆಳೆಯುವ ಬದಲು ಎರಡಕ್ಕೆ ಕೂತವರಂತೆ ಕೆಳಕ್ಕೆ ತಿಣುಕುವುದು. ಇದು ಎಲ್ಲಕ್ಕಿಂತ ಕೆಟ್ಟದ್ದು, ಜಾರಿರುವ ಗರ್ಭಕೋಶವನ್ನು ಇನ್ನಷ್ಟು ತಳ್ಳುತ್ತದೆ. ಉಸಿರು ಬಿಗಿಹಿಡಿಯುವುದು. ಕುಂಡೆ, ತೊಡೆ ಬಿಗಿದು ಅದನ್ನೇ ವ್ಯಾಯಾಮ ಅಂದುಕೊಳ್ಳುವುದು. ಬಿಗಿದದ್ದನ್ನು ಬಿಡದೆಯೇ ಮುಂದಿನದಕ್ಕೆ ಹೋಗುವುದು. ಬಾಗಿಲು ಹಾಕಿಕೊಂಡು ಕೈಗನ್ನಡಿ ಇಟ್ಟು ನೋಡಿ: ಬಿಗಿದಾಗ ಯೋನಿಗೂ ಗುದದ್ವಾರಕ್ಕೂ ನಡುವಿನ ಜಾಗ ಒಳಕ್ಕೆ ಸರಿಯಬೇಕು. ಹೊರಕ್ಕೆ ಉಬ್ಬಿದರೆ ಅಲ್ಲಿಗೇ ನಿಲ್ಲಿಸಿ, ತಿಳಿದವರ ಹತ್ತಿರ ಹೋಗಿ.

ಸರಿಯಾಗಿ ಬಿಗಿಯುವುದು ಹೇಗೆ, ಎಷ್ಟು ಸಲ?

ಮಂಡಿ ಮಡಚಿ ಮಲಗಿ. ನಾಲ್ಕು ಜನರ ನಡುವೆ ಗಾಳಿ ತಡೆಯುವವರ ಹಾಗೆ ಹಿಂದಿನಿಂದ ಶುರುಮಾಡಿ, ಮೂತ್ರ ತಡೆಯುವ ಹಾಗೆ ಮುಂದಕ್ಕೆ ತಂದು, ಎರಡನ್ನೂ ಸೇರಿಸಿ ಒಳಕ್ಕೆ, ಮೇಲಕ್ಕೆ ಎಳೆದುಕೊಳ್ಳಿ. ಉಸಿರು ಬಿಡುತ್ತಾ ಬಿಗಿಯಿರಿ. ಮುಖದಲ್ಲಾಗಲಿ ಹೊಟ್ಟೆಯಲ್ಲಾಗಲಿ ಎದುರಿಗಿದ್ದವರಿಗೆ ಏನೂ ಕಾಣಬಾರದು.

ಲೆಕ್ಕ ಒಬ್ಬೊಬ್ಬರಿಗೆ ಒಂದೊಂದು. ಪರೀಕ್ಷೆಯಲ್ಲಿ 3 ಸೆಕೆಂಡ್ ಹಿಡಿದವರಿಗೆ 3 ಸೆಕೆಂಡ್, ಆಮೇಲೆ ಅಷ್ಟೇ ಹೊತ್ತು, ಆಗದಿದ್ದರೆ ಅದರ ಎರಡರಷ್ಟು ಬಿಡುವು. ಒಂದು ಸರದಿಗೆ ಕನಿಷ್ಠ 8, ದಿನಕ್ಕೆ 3 ಸರದಿ. ದಿನ ಕಳೆದಂತೆ 10 ಸೆಕೆಂಡ್‌ವರೆಗೆ ಏರಿಸಬೇಕು. ಜೊತೆಗೆ ಒಂದು ಸೆಕೆಂಡ್‌ನಲ್ಲಿ ಬಿಗಿದು ಬಿಡುವ ಹತ್ತು ಚುರುಕು ಬಿಗಿತ. ಬಹಳ ಹೊತ್ತು ಆನಿಸಿ ನಿಲ್ಲುವ ನಾರುಗಳು ಬೇರೆ, ಸೀನಿದ ಗಳಿಗೆಯಲ್ಲಿ ಥಟ್ಟನೆ ಮುಚ್ಚುವ ನಾರುಗಳು ಬೇರೆ. ಎರಡಕ್ಕೂ ಕೆಲಸ ಕೊಡಬೇಕು. ಮಲಗಿ ಹಿಡಿತಕ್ಕೆ ಬಂದ ಮೇಲೆ ಕೂತು, ಆಮೇಲೆ ನಿಂತು.

ಮೂತ್ರ ಹೊಯ್ಯುವಾಗ ನಡುವೆ ನಿಲ್ಲಿಸಿ ಅಭ್ಯಾಸ ಮಾಡಬೇಡಿ. ಯಾವ ಸ್ನಾಯು ಎಂದು ಗುರುತಿಸಲು ಒಂದು ಸಲ ಮಾಡಿದರೆ ಪರವಾಗಿಲ್ಲ. ದಿನಾ ಮಾಡಿದರೆ ಮೂತ್ರಕೋಶ ಪೂರ್ತಿ ಖಾಲಿಯಾಗದೆ ಉಳಿಯಬಹುದು.

ಯೋಗದ ಮೂಲಬಂಧ ಇದೇ ಅಲ್ಲವೇ?

ಬಹುಮಟ್ಟಿಗೆ ಇದೇ ಸ್ನಾಯುಗಳು. ಆದರೆ ಮೂಲಬಂಧದಲ್ಲಿ ಉಸಿರು ಕಟ್ಟುವುದಿದೆ, ಬಹಳ ಹೊತ್ತು ಹಿಡಿಯುವುದಿದೆ. ಸೋರಿಕೆಗೆ ಬೇಕಾದದ್ದು ಉಸಿರಾಡುತ್ತಲೇ ಬಿಗಿಯುವುದು, ಬಿಡುವುದು. ಯೋಗ ಗೊತ್ತಿರುವವರು ಇದನ್ನು ಬೇಗ ಹಿಡಿಯುತ್ತಾರೆ. ಅಭ್ಯಾಸದ ಬಲದಿಂದ ಉಸಿರನ್ನೂ ಹಿಡಿಯುತ್ತಾರೆ, ಅದೊಂದನ್ನು ಬಿಡಿಸಬೇಕಾಗುತ್ತದೆ.

ವ್ಯಾಯಾಮದ ಗುಣ ಕಾಣಲು ಮೂರು ತಿಂಗಳು ಕಾಯಬೇಕೇ? ಈಗಲೇ ಕೆಮ್ಮು ಬಂದರೆ?

ಕೆಮ್ಮು ಗಂಟಲಿಗೆ ಬಂತು ಎನಿಸಿದ ಕೂಡಲೇ, ಕೆಮ್ಮುವ ಮೊದಲೇ ಬಿಗಿಯಿರಿ, ಕೆಮ್ಮು ಮುಗಿಯುವವರೆಗೂ ಬಿಡಬೇಡಿ. ಸೀನಿಗೂ ಅಷ್ಟೇ, ಕೂತಲ್ಲಿಂದ ಏಳುವಾಗಲೂ, ನೀರಿನ ಕೊಡ ಎತ್ತುವಾಗಲೂ ಅಷ್ಟೇ. ಸ್ನಾಯು ಗಟ್ಟಿಯಾಗುವ ಮೊದಲೇ, ಬರೀ ಸಮಯಕ್ಕೆ ಸರಿಯಾಗಿ ಬಿಗಿದದ್ದರಿಂದ ಸೋರಿಕೆ ಇಳಿದವರು ಉಂಟು. 15 ಲೀಟರ್ ಕೊಡವೆಂದರೆ 15 ಕಿಲೊ. ಅದನ್ನು ಮೈಗೆ ಹತ್ತಿರ ತಂದು, ಉಸಿರು ಬಿಡುತ್ತಾ ಎತ್ತಿ.

ನನಗೆ "ಸ್ನಾಯು ಬಿಗಿಯಾಗಿದೆ, ಕೆಗೆಲ್ ನಿಲ್ಲಿಸಿ" ಅಂದರು. ಇದೇನು?

ಮುಷ್ಟಿಯನ್ನು ಬೆಳಗಿನಿಂದ ರಾತ್ರಿಯವರೆಗೆ ಬಿಗಿದೇ ಇಟ್ಟುಕೊಂಡ ಕೈಯಿಂದ ಲೋಟ ಎತ್ತಲಾಗುವುದಿಲ್ಲ. ಹಾಗೇ ಇದು. ಸದಾ ಬಿಗಿದಿರುವ ಸ್ನಾಯು ನೋಯುತ್ತದೆ, ಬೇಕಾದಾಗ ಇನ್ನಷ್ಟು ಬಿಗಿಯಲು ಅದರಲ್ಲಿ ಜಾಗವಿರುವುದಿಲ್ಲ, ಹಾಗಾಗಿ ಸೋರಿಕೆಯೂ ಆಗಬಹುದು. ಸಂಭೋಗದಲ್ಲಿ ನೋವು, ಟ್ಯಾಂಪೂನ್ ಇಡಲಾಗದಿರುವುದು, ಮೂತ್ರ ಶುರುವಾಗಲು ತಡ, ತುಂಡುತುಂಡಾಗಿ ಹೋಗುವುದು, ತಿಣುಕಿದಷ್ಟೂ ಮುಚ್ಚಿಕೊಳ್ಳುವ ಗುದದ್ವಾರ, ಇವೆಲ್ಲ ಇದರ ಲಕ್ಷಣ. ಇಂಥವರು ಕೆಗೆಲ್ ಮಾಡಿದಷ್ಟೂ ನೋವು ಹೆಚ್ಚುತ್ತದೆ.

ಇವರಿಗೆ ಕಲಿಸುವುದು ಬಿಡುವುದನ್ನು. ಪಕ್ಕೆಲುಬಿನ ಮೇಲೆ ಕೈಯಿಟ್ಟು, ಪಕ್ಕೆಗಳೂ ಹೊಟ್ಟೆಯೂ ಅಗಲವಾಗುವಂತೆ ಉಸಿರೆಳೆಯಬೇಕು. ಉಸಿರು ಒಳಬಂದಂತೆ ಕೆಳಗಿನ ಸ್ನಾಯು ತಾನೇ ಇಳಿಯುತ್ತದೆ. ಬಾಲಾಸನದಲ್ಲಿ, ಅಂದರೆ ಮಂಡಿಯೂರಿ ಕೂತು ಮುಂದಕ್ಕೆ ಬಾಗಿ ಹಣೆ ನೆಲಕ್ಕೆ ತಾಗಿಸಿ ಮಾಡಿದರೆ ಚೆನ್ನಾಗಿ ತಿಳಿಯುತ್ತದೆ. ದಿನಕ್ಕೆರಡು ಸಲ, ಐದೈದು ನಿಮಿಷ. ನಂತರ ಫಿಸಿಯೋ ಬೆರಳಿನಿಂದ ನೋವಿನ ಬಿಂದುಗಳನ್ನು ಒತ್ತಿಹಿಡಿದು ಬಿಡಿಸುತ್ತಾರೆ.

ಮದುವೆಯಾಗಿ ವರ್ಷಗಳಾದರೂ ಕೂಡಲಾಗದವರಿಗೆ ಡೈಲೇಟರ್ ಎಂಬ ನಯವಾದ ಕಡ್ಡಿಗಳ ಸೆಟ್ ಕೊಡುತ್ತಾರೆ. ಮೊದಲನೆಯದು ಕಿರುಬೆರಳಿನಷ್ಟು. ಜೆಲ್ ಹಚ್ಚಿ, ಉಸಿರು ಬಿಡುತ್ತಾ, ನೀವೇ ಇಟ್ಟುಕೊಂಡು 5ರಿಂದ 10 ನಿಮಿಷ ಸುಮ್ಮನೆ ಮಲಗುವುದು. ನೋವಿಲ್ಲದೆ ಆದ ಮೇಲೆಯೇ ಮುಂದಿನ ಅಳತೆ. ಅತ್ತೆ ಮನೆಯ ಒತ್ತಾಯಕ್ಕೆ ಎರಡು ಅಳತೆ ಒಮ್ಮೆಗೇ ದಾಟಿದರೆ ಮೈ ಮತ್ತೆ ಮುಚ್ಚಿಕೊಳ್ಳುತ್ತದೆ, ಮೊದಲಿಂದ ಶುರುಮಾಡಬೇಕಾಗುತ್ತದೆ. ಇದು ಹಟವೂ ಅಲ್ಲ, ನಾಟಕವೂ ಅಲ್ಲ. ಗಂಡನೂ ಒಂದು ಸಲ ಜೊತೆಗೆ ಬಂದು ಕೇಳಿಸಿಕೊಂಡರೆ ಅರ್ಧ ಭಾರ ಇಳಿಯುತ್ತದೆ.

ಮನೆ ಬಾಗಿಲ ಬೀಗಕ್ಕೆ ಕೀಲಿ ಹಾಕುವಷ್ಟರಲ್ಲಿ ತಡೆಯಲಾಗುವುದಿಲ್ಲ. ಏನು ಮಾಡುವುದು?

ಓಡಬೇಡಿ. ಓಡಿದರೆ ಅವಸರ ಹೆಚ್ಚುತ್ತದೆ. ಇದ್ದಲ್ಲೇ ನಿಂತು ಅಥವಾ ಕೂತು ಐದಾರು ಸಲ ಚುರುಕಾಗಿ ಬಿಗಿಯಿರಿ, ಹಿಮ್ಮಡಿ ಎತ್ತಿ ಇಳಿಸಿ, 100ರಿಂದ ಏಳೇಳು ಕಳೆಯುತ್ತಾ ಹೋಗಿ. ಅವಸರ ಅಲೆಯ ಹಾಗೆ ಏರಿ ಇಳಿಯುತ್ತದೆ. ಇಳಿದ ಮೇಲೆ ನಿಧಾನವಾಗಿ ನಡೆದು ಹೋಗಿ.

ಫಿಸಿಯೋ 3 ದಿನದ ಮೂತ್ರದ ಲೆಕ್ಕ ಬರೆಯಲು ಹೇಳುತ್ತಾರೆ. ಅಳತೆ ಗುರುತಿರುವ ಹಳೇ ಪ್ಲಾಸ್ಟಿಕ್ ಜಗ್ ಒಂದನ್ನು ಬಚ್ಚಲಲ್ಲಿಡಿ. ಕುಡಿದದ್ದೆಷ್ಟು, ಹೋದದ್ದೆಷ್ಟು, ಎಷ್ಟು ಹೊತ್ತಿಗೆ, ಸೋರಿತೇ, ಎಲ್ಲ ಬರೆಯಿರಿ. ಹಗಲಲ್ಲಿ 6ರಿಂದ 8 ಸಲ, ಒಂದೊಂದು ಸಲ 250ರಿಂದ 400 ಮಿ.ಲೀ. ಹೋದರೆ ಸರಿ. 80 ಮಿ.ಲೀ.ಗೇ ಎದ್ದು ಹೋಗುತ್ತಿದ್ದರೆ ಮೂತ್ರಕೋಶಕ್ಕೆ ತುಂಬಿಕೊಳ್ಳುವ ಅಭ್ಯಾಸವೇ ತಪ್ಪಿದೆ. "ಬಸ್ ಹತ್ತುವ ಮೊದಲು ಒಮ್ಮೆ ಹೋಗಿ ಬಂದುಬಿಡೋಣ" ಎಂಬುದನ್ನು ದಿನಕ್ಕೆ ಹತ್ತು ಸಲ ಮಾಡಿದರೆ ಆಗುವುದು ಇದೇ. ಈಗಿರುವ ಅಂತರಕ್ಕೆ ವಾರಕ್ಕೆ 15 ನಿಮಿಷ ಸೇರಿಸುತ್ತಾ ಎರಡೂವರೆ ಮೂರು ಗಂಟೆಗೆ ತರಬೇಕು. ಕನಿಷ್ಠ 6 ವಾರ ಹಿಡಿಯುತ್ತದೆ. ನೀರು ಬಿಡುವುದು ಪರಿಹಾರವಲ್ಲ: ಗಾಢವಾದ ಮೂತ್ರ ಇನ್ನಷ್ಟು ಕೆರಳಿಸುತ್ತದೆ, ಮಲವೂ ಗಟ್ಟಿಯಾಗುತ್ತದೆ. ಕಡಿಮೆ ಮಾಡಬೇಕಾದ್ದು ಕಾಫಿ, ಚಹಾ. ನಮ್ಮವರಿಗೆ ಎಲ್ಲಕ್ಕಿಂತ ಕಷ್ಟದ ಸಲಹೆ ಇದೇ.

ಮಲಬದ್ಧತೆಗೂ ಇದಕ್ಕೂ ಏನು ಸಂಬಂಧ?

ದಿನಾ ತಿಣುಕಿದರೆ ವ್ಯಾಯಾಮದಿಂದ ಕಟ್ಟಿದ್ದೆಲ್ಲ ಅಲ್ಲೇ ಕರಗುತ್ತದೆ. ಕಮೋಡ್‌ನಲ್ಲಿ ಕೂರುವವರು ಕಾಲ ಕೆಳಗೆ 15ರಿಂದ 20 ಸೆಂ.ಮೀ. ಎತ್ತರದ ಮಣೆ ಇಡಿ, ಮಂಡಿ ಸೊಂಟಕ್ಕಿಂತ ಮೇಲಿರಲಿ, ಮುಂದಕ್ಕೆ ಬಾಗಿ ಮೊಣಕೈ ತೊಡೆಯ ಮೇಲಿಡಿ. ಕುಕ್ಕರುಗಾಲಲ್ಲಿ ಕೂರುವ ನಮ್ಮ ಹಳೇ ಪದ್ಧತಿಯಲ್ಲಿ ಈ ಕೋನ ತಾನಾಗಿ ಬರುತ್ತದೆ. ಮಂಡಿ ಒಪ್ಪುವುದಾದರೆ ಅದೇ ಇರಲಿ. ಬಾಯಿ ಮುಚ್ಚಿ ಮುಕ್ಕುವ ಬದಲು "ಹೂ" ಎಂದು ಉಸಿರು ಬಿಡುತ್ತಾ ಹೊಟ್ಟೆ ಅಗಲಿಸಿ. ಮಲ ಯೋನಿಯ ಕಡೆಗೆ ಉಬ್ಬಿ ಸಿಕ್ಕಿಕೊಂಡಂತಾಗುವವರು ಯೋನಿಗೂ ಗುದದ್ವಾರಕ್ಕೂ ನಡುವಿನ ಜಾಗವನ್ನು ಬೆರಳಿನಿಂದ ಮೇಲಕ್ಕೆ ಒತ್ತಿಹಿಡಿದರೆ ಸಲೀಸಾಗುತ್ತದೆ. ಹೇಳಿಕೊಳ್ಳಲು ನಾಚಿಕೆಪಟ್ಟರೂ ಎಷ್ಟೋ ಜನ ತಾವಾಗಿಯೇ ಕಂಡುಕೊಂಡಿರುವ ಉಪಾಯ ಇದು.

ಗರ್ಭಕೋಶ ಜಾರಿದೆ. ವ್ಯಾಯಾಮದಿಂದ ಮೇಲೆ ಹೋಗುತ್ತದೆಯೇ?

ಯೋನಿಯ ಒಳಗೇ ಇದ್ದರೆ ಅಥವಾ ಬಾಯಿಯ ಹತ್ತಿರ 1 ಸೆಂ.ಮೀ. ಆಚೀಚೆ ಇದ್ದರೆ, 4 ತಿಂಗಳು ಮೇಲ್ವಿಚಾರಣೆಯಲ್ಲಿ ಮಾಡಿದ ವ್ಯಾಯಾಮದಿಂದ ಸಂಜೆಯ ಹೊತ್ತಿನ ಭಾರ, "ಏನೋ ಇಳಿದಂತೆ" ಎಂಬ ಭಾವ ಕಡಿಮೆಯಾಗುತ್ತದೆ. ಪೂರ್ತಿ ಹೊರಗೆ ಬಂದದ್ದನ್ನು ವ್ಯಾಯಾಮ ಒಳಗೆ ಹಾಕುವುದಿಲ್ಲ. ಅದಕ್ಕೆ ಸ್ತ್ರೀರೋಗ ತಜ್ಞರು ಇಡುವ ಪೆಸರಿ ಎಂಬ ಉಂಗುರ ಅಥವಾ ಆಪರೇಷನ್. ಹಾಗಲ್ಲವೆಂದು ಭರವಸೆ ಕೊಡುವವರನ್ನು ನಂಬಬೇಡಿ.

ಬಾಣಂತನದಲ್ಲಿ ಯಾವಾಗ ಶುರುಮಾಡಬಹುದು?

ಮೂತ್ರದ ನಳಿಕೆ ತೆಗೆದ ಮೇಲೆ, ನೋವಾಗದಷ್ಟು ಮೆಲ್ಲಗಿನ ಬಿಗಿತವನ್ನು ಮೊದಲ ದಿನಗಳಲ್ಲೇ ಮಾಡಬಹುದು. ಬಾವು ಇಳಿಯಲೂ ಸಹಾಯ. ಸಿಸೇರಿಯನ್ ಆದವರಿಗೂ ಬೇಕು, ಒಂಬತ್ತು ತಿಂಗಳು ಭಾರ ಹೊತ್ತದ್ದು ಇದೇ ಸ್ನಾಯು.

ಮನೆಯ ಪದ್ಧತಿಗಳಲ್ಲಿ ಎರಡನ್ನು ಮಾತ್ರ ತಿದ್ದಬೇಕು. ಹೊಟ್ಟೆಗೆ ಬಟ್ಟೆ ಕಟ್ಟುವುದು ಬೆಚ್ಚಗೆ ಆಸರೆಯಾಗುವಷ್ಟಿರಲಿ. ಉಸಿರು ಕಟ್ಟುವಷ್ಟು ಬಿಗಿದರೆ ಆ ಒತ್ತಡವೆಲ್ಲ ಕೆಳಕ್ಕೆ ಇಳಿಯುತ್ತದೆ, ಈಗಷ್ಟೇ ಹಿಗ್ಗಿದ ಜಾಗಕ್ಕೆ. ಎರಡನೆಯದು, ನೀರು ಕೊಡದಿರುವುದು. ಬಾಣಂತಿಗೆ ನೀರು ಕಡಿಮೆಯಾದರೆ ಮಲ ಗಟ್ಟಿ, ಹೊಲಿಗೆಯ ಮೇಲೆ ತಿಣುಕು. ಅಜ್ಜಿಯ ಜೊತೆ ವಾದಕ್ಕಿಳಿಯದೆ ಕಾಯಿಸಿದ ಜೀರಿಗೆ ನೀರು ಕೇಳಿದರೆ ಸಾಮಾನ್ಯವಾಗಿ ಕೆಲಸ ನಡೆಯುತ್ತದೆ.

ಹೊಲಿಗೆಯ ಜಾಗ ಎಳೆದಂತಾಗುತ್ತಿದ್ದರೆ, 6 ವಾರ ಕಳೆದು ಗಾಯ ಪೂರ್ತಿ ಮಾಗಿದ ಮೇಲೆ, ವಾಸನೆ ಬೆರೆಸದ ಎಣ್ಣೆ ಹಚ್ಚಿದ ಹೆಬ್ಬೆರಳಿನಿಂದ ದಿನಕ್ಕೆ 5 ನಿಮಿಷ ಕೆಳಕ್ಕೂ ಪಕ್ಕಕ್ಕೂ ನೀವಿ. ಗುದದ್ವಾರದವರೆಗೆ ಹರಿದಿತ್ತು ಎಂದು ಡಿಸ್ಚಾರ್ಜ್ ಕಾಗದದಲ್ಲಿದ್ದರೆ, ತೊಂದರೆ ಇಲ್ಲದಿದ್ದರೂ ಒಮ್ಮೆ ತೋರಿಸಿ.

ಗಂಡಸರಿಗೆ?

ಪ್ರಾಸ್ಟೇಟ್ ಕ್ಯಾನ್ಸರಿಗೆ ಗ್ರಂಥಿ ತೆಗೆದ ಮೇಲೆ ಸೋರಿಕೆ ಬರುವುದು ಸಾಮಾನ್ಯ. ಆಪರೇಷನ್‌ಗೆ ಕೆಲವು ವಾರ ಮೊದಲೇ ಕಲಿತರೆ ಒಳ್ಳೆಯದು, ಆಮೇಲೆ ನೋವಿನಲ್ಲಿ ಸ್ನಾಯು ಹುಡುಕುವುದು ಕಷ್ಟ. ನಳಿಕೆ ಇರುವಷ್ಟು ದಿನ ಮಾಡಬಾರದು. ಬಿಗಿಯುವ ಸೂಚನೆ ಇವರಿಗೆ ಬೇರೆ: ತಣ್ಣೀರಿಗೆ ಇಳಿದವರ ಹಾಗೆ ಶಿಶ್ನದ ಬುಡವನ್ನು ಒಳಕ್ಕೆಳೆದುಕೊಳ್ಳಿ, ವೃಷಣ ಮೇಲೇರಬೇಕು. ಕನ್ನಡಿಯಲ್ಲಿ ನೋಡಿದರೆ ಗೊತ್ತಾಗುತ್ತದೆ. ಬೆಳಿಗ್ಗೆ ಒಣಗಿದ್ದು ಸಂಜೆ ಸೋರಿದರೆ ಎದೆಗುಂದಬೇಡಿ, ದಣಿದ ಸ್ನಾಯು ಹಾಗೇ. ಮೊದಲು ರಾತ್ರಿ ನಿಲ್ಲುತ್ತದೆ, ಕೂತಲ್ಲಿಂದ ಏಳುವಾಗಿನದು ಕೊನೆಗೆ. ತಿಂಗಳುಗಳು ಹಿಡಿಯುತ್ತವೆ, ವರ್ಷದವರೆಗೂ ಸುಧಾರಿಸುತ್ತಾ ಹೋಗುವುದುಂಟು.

ಯಂತ್ರ, ಕರೆಂಟ್ ಇಡುತ್ತಾರಂತೆ?

ಎಲ್ಲರಿಗೂ ಬೇಡ. ಬಯೋಫೀಡ್‌ಬ್ಯಾಕ್‌ನಲ್ಲಿ ಕರೆಂಟ್ ಇಲ್ಲ. ನೀವು ಬಿಗಿದದ್ದು ಪರದೆಯ ಮೇಲೆ ಗೆರೆಯಾಗಿ ಏರುತ್ತದೆ, ಬಿಟ್ಟದ್ದು ಇಳಿಯುತ್ತದೆ, ಅಷ್ಟೇ. ವಿದ್ಯುತ್ ಪ್ರಚೋದನೆ ತಾನಾಗಿ ಬಿಗಿಯಲು ಬಾರದವರಿಗೆ, 15–20 ನಿಮಿಷ, ಜುಮ್ಮೆನ್ನುವಷ್ಟು. ಉರಿದರೆ ಕೂಡಲೇ ಹೇಳಿ. ಬಸುರಿಯರಿಗೆ, ಪೇಸ್‌ಮೇಕರ್ ಇರುವವರಿಗೆ ಕೊಡುವುದಿಲ್ಲ. ಒಳಗಿಡುವ ಪ್ರೋಬ್ ನಿಮ್ಮದೇ ಆಗಿರಬೇಕು, ಇನ್ನೊಬ್ಬರಿಗೆ ಬಳಸಿದ್ದಲ್ಲ. ಪ್ರತಿ ಸಲವೂ ಯಂತ್ರಕ್ಕೆ ಹಚ್ಚಿ ಫಿಸಿಯೋ ಆಚೆ ಹೋಗುವ ಕಡೆ ದುಡ್ಡು ಸುರಿಯಬೇಡಿ.

ಎಷ್ಟು ಸಲ ಹೋಗಬೇಕು, ಯಾವಾಗ ಗುಣ ಕಾಣುತ್ತದೆ?

ಮೊದಲು ವಾರಕ್ಕೊಮ್ಮೆ ಅಥವಾ ಎರಡು ವಾರಕ್ಕೊಮ್ಮೆ, ಆಮೇಲೆ ತಿಂಗಳಿಗೊಮ್ಮೆ. ಸೋರಿಕೆಗೆ ಕನಿಷ್ಠ 3 ತಿಂಗಳು. ಮೊದಲ ನಾಲ್ಕೈದು ವಾರ ಏನೂ ಆಗುತ್ತಿಲ್ಲ ಎನಿಸುತ್ತದೆ. ಆಗ ನರ ಕಲಿಯುತ್ತಿರುತ್ತದೆ, ಸ್ನಾಯು ಬೆಳೆಯುವುದು ಆಮೇಲೆ. ಬಹಳ ಜನ ಬಿಟ್ಟುಬಿಡುವುದೂ ಅದೇ ಹೊತ್ತಿಗೆ. ಒಳಗೆ ಬೆರಳಿಟ್ಟು ಬಿಡಿಸಿದ ಮಾರನೇ ದಿನ ಮೈಕೈ ನೋವಿನಂಥ ನೋವು ಇರಬಹುದು, ಎರಡು ದಿನಕ್ಕಿಂತ ಹೆಚ್ಚು ಉಳಿದರೆ ಹೇಳಿ. 3 ತಿಂಗಳು ನೆಟ್ಟಗೆ ಮಾಡಿಯೂ ಏನೂ ಬದಲಾಗದಿದ್ದರೆ ಮತ್ತೆ ಪರೀಕ್ಷೆ, ಬೇಕಿದ್ದರೆ ತಜ್ಞರ ಕಡೆಗೆ ವಾಪಸು.

ಫಿಸಿಯೋಗೆ ಕಾಯದೆ ಆಸ್ಪತ್ರೆಗೆ ಓಡಬೇಕಾದ್ದು ಯಾವಾಗ?

ಬೆನ್ನುನೋವಿನ ಜೊತೆ ತೊಡೆಸಂದು, ಗುದದ ಸುತ್ತ ಮರಗಟ್ಟಿ ಮೂತ್ರ ಕಟ್ಟಿದರೆ ಅಥವಾ ಗೊತ್ತಿಲ್ಲದೆ ಹೋದರೆ ಅದೇ ದಿನ, ಅದೇ ಗಂಟೆ. ಒಮ್ಮೆಗೇ ಮೂತ್ರ ಪೂರ್ತಿ ಕಟ್ಟಿದರೂ ಹಾಗೆಯೇ. ಮೂತ್ರದಲ್ಲಿ, ಮಲದಲ್ಲಿ ರಕ್ತ, ಮುಟ್ಟು ನಿಂತು ವರ್ಷವಾದ ಮೇಲೆ ಮತ್ತೆ ರಕ್ತ, ಚಳಿಜ್ವರದ ಜೊತೆ ಉರಿಮೂತ್ರ ಇದ್ದರೆ ಮೊದಲು ಡಾಕ್ಟರು, ವ್ಯಾಯಾಮ ಆಮೇಲೆ.